ಗೇಟಿಲ್ಲದ ಜಾಳಿಗೆ

ಪ್ರತಿದಿನ ಸಂಜೆ ನಾಲ್ಕೂವರೆಗೆ ಮಾಳು ಕೈಯಲ್ಲಿದ್ದ ಕೆಲಸವನ್ನು ಇದ್ದಲ್ಲೇ ಬಿಟ್ಟು ನಡೆಯಲು ಹೋಗುತ್ತಾನೆ. ಬಿಗಿಯುತ್ತಿದ್ದ ತಂತಿ ಅರ್ಧಕ್ಕೆ ನಿಂತಿದ್ದರೆ ಅದಕ್ಕೆ ಪಕ್ಕಡ್ ಕಚ್ಚಿಸಿ ಹೋಗುತ್ತಾನೆ. ಕಲಸಿದ ಕಾಂಕ್ರೀಟ್ ಉಳಿದಿದ್ದರೆ ಮೇಲೊಂದು ಒದ್ದೆ ಗೋಣಿಚೀಲ ಹೊದಿಸಿ ಹೋಗುತ್ತಾನೆ. ಚಹಾ ಹಿಡಿದು ಹೋದರೆ, "ಬಂದ ಮ್ಯಾಲೆ ಕುಡೀತೇನ್ರಿ ಅಕ್ಕಾರ, ಮುಚ್ಚಿಡ್ರಿ" ಎನ್ನುತ್ತಾನೆ. ಊರ ಹೊರಗಿನ ದಾರಿಯಲ್ಲಿ ಇಪ್ಪತ್ತು ನಿಮಿಷ ಹೋಗುತ್ತಾನೆ, ಅಲ್ಲಿ ಸ್ವಲ್ಪ ನಿಲ್ಲುತ್ತಾನೆ, ಮತ್ತೆ ಇಪ್ಪತ್ತು ನಿಮಿಷ ನಡೆದು ತಿರುಗಿ ಬರುತ್ತಾನೆ. ಅಲ್ಲಿ ಅವನಿಗೆ ಕೆಲಸವೇನೂ ಇರುವುದಿಲ್ಲ. ಮಳೆಯಾದರೂ ತಪ್ಪಿಸುವುದಿಲ್ಲ, ಜ್ವರವಿದ್ದರೂ ತಪ್ಪಿಸುವುದಿಲ್ಲ. ನಡಿಗೆ ಬಹಳ ನಿಧಾನ. ಮುಂದೆ ಯಾರೋ ಮುದುಕರು ಹೋಗುತ್ತಿದ್ದಾರೆ, ಅವರನ್ನು ದಾಟಬಾರದು ಅನ್ನುವ ಹಾಗೆ ಕಾಲಿಡುತ್ತಾನೆ.

ನಮ್ಮ ಮನೆ ಅರಭಾವಿಯಲ್ಲಿ, ತೋಟಗಾರಿಕೆ ಕಾಲೇಜಿನ ಹಿಂದಿನ ಓಣಿ. ಹಿತ್ತಲಲ್ಲಿ ದೇವರಿಗೆಂದು ನಾಲ್ಕು ದಾಸವಾಳ, ಒಂದು ಸಾಲು ಸೇವಂತಿಗೆ, ಪಕ್ಕದಲ್ಲಿ ಮೆಂತ್ಯ, ಬದನೆ ಹಾಕಿದ್ದೆ. ಬೀದಿ ದನಗಳಿಗೆ ಅದರ ರುಚಿ ಹತ್ತಿತು. ಒಂದು ಬೆಳಿಗ್ಗೆ ಪೂಜೆಗೆ ಹೂವು ಹರಿಯಲು ಹೋದರೆ ಬರೀ ಕಡ್ಡಿಗಳು ನಿಂತಿದ್ದವು. ಅವತ್ತೇ ಬಸ್ಸು ಹತ್ತಿ ಮೂಡಲಗಿಗೆ ಹೋದೆ. ಅಲ್ಲಿ ಅಮೀನಸಾಬರು ತಂತಿ ಹೆಣೆದು ಜಾಳಿಗೆ ಮಾಡಿ ಸುರುಳಿ ಲೆಕ್ಕದಲ್ಲಿ ಮಾರುತ್ತಾರೆ. ಚೈನ್‌ಲಿಂಕ್ ಬೇಲಿ ಅನ್ನುತ್ತಾರಲ್ಲ, ಅದು.

"ಮಾಳುನ್ನ ಕಳಸ್ತೇನ್ರಿ ಅಕ್ಕಾರ," ಎಂದರು ಅಮೀನಸಾಬರು. "ಗೋಕಾಕ, ಕೊಣ್ಣೂರ, ಹುಕ್ಕೇರಿತನಕ ಅವನ ಕೈ ಕೆಲಸಾನ ಕೇಳ್ತಾರ. ಆದ್ರ ಒಂದ ಮಾತು. ಗೇಟ್ ಬಂದು ನಿಮ್ಮ ಅಂಗಳದಾಗ ನಿಂದ್ರೂತನಕ ಅಂವಾ ಒಂದ ಕಂಬಾನೂ ಹುಗ್ಯಾಂಗಿಲ್ಲ."

"ಎಲ್ಲಾರೂ ಬೇಲಿ ಹಾಕಿ ಆಮ್ಯಾಲೆ ಗೇಟ್ ಕೂಡಸ್ತಾರಲ್ರಿ?"

"ಎಲ್ಲಾರದು ಹಂಗ. ಇವಂದು ಉಲ್ಟಾ. ಮನಿ ಕಟ್ಟೂ ಮೊದಲ ಬಾಗಲಾ ತಂದ ನಿಂದ್ರಸು ಅನ್ನಾಂವ. ಯಾಕಪಾ ಅಂದ್ರ ಸುರುಳಿ ಹೊತ್ಕೊಂಡ ಹೊಂಟಬಿಡ್ತಾನ. ಮೂರ ವರ್ಷ ಒಮಾನದಾಗ ಇದ್ದ ಬಂದಾನ, ಅಲ್ಲೀ ಪದ್ಧತಿ ಇರಬೇಕಂತ ನಾವೂ ಸುಮ್ಮನಾಗೇವಿ." ಅವರು ನಕ್ಕರು. "ಅಂಗಡ್ಯಾಗ ಹುಡುಗೋರು ಅವನ್ನ ಗೇಟ್‌ಮಾಸ್ತರ ಅಂತ ಕರೀತಾರ್ರಿ."

ಗೇಟು ಗೋಕಾಕದಿಂದ ಬರಲು ಐದು ದಿನ ಹಿಡಿಯಿತು. ಅದು ಬಂದ ಮರುದಿನ ಮಾಳು ಹಾರೆ, ಪಕ್ಕಡ್, ತಂತಿಯ ಸುರುಳಿ ಹೊತ್ತು ಬಂದ. ನಲವತ್ತಾರು ನಲವತ್ತೇಳರ ಮನುಷ್ಯ. ಬಿಸಿಲಿಗೆ ಕಪ್ಪಾದ ಮುಖ, ದೊಡ್ಡ ಕಿವಿ, ಕಡಿಮೆ ಮಾತು. ಎಂಟು ದಿನ ಕೆಲಸ ನಡೆಯಿತು. ನಾನು ಹಿತ್ತಲ ಕಟ್ಟೆಯ ಮೇಲೆ ಕೂತು ಹೂಬತ್ತಿ ಹೊಸೆಯುತ್ತಿದ್ದೆ. ಏನನ್ನೂ ಕೇಳಲಿಲ್ಲ. ಎದುರಿಗಿದ್ದವರ ಕೈಗೂ ಕೆಲಸವಿದ್ದರೆ ಮಾತು ತಾನಾಗಿ ಬರುತ್ತದೆ ಅನ್ನುವುದನ್ನು ನಾನು ಬಹಳ ವರ್ಷಗಳಿಂದ ನೋಡಿದ್ದೇನೆ. ಮೂರನೆಯ ದಿನ ಅವನೇ ಶುರು ಮಾಡಿದ.

ಮಾಳುವಿನದು ಕುರಿಗಾರರ ಮನೆತನ, ಮೂಡಲಗಿಯಿಂದ ಎರಡು ಹರದಾರಿ ಆಚೆಯ ಹಳ್ಳಿ. ತಂದೆಯ ಕಾಲಕ್ಕೆ ನೂರಾ ಇಪ್ಪತ್ತು ಕುರಿ. ಸುಗ್ಗಿ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ಹುಕ್ಕೇರಿ ಕಡೆಯ ಬಯಲಿಗೆ ಹೋಗುವುದು, ಬರುವಾಗ ಬೆಳೆ ತೆಗೆದ ಹೊಲಗಳಲ್ಲಿ ಕುರಿ ತರುಬುವುದು, ಅಂದರೆ ರಾತ್ರಿ ಅಲ್ಲೇ ನಿಲ್ಲಿಸುವುದು. ಗೊಬ್ಬರಕ್ಕಾಗಿ ರೈತರು ಕರೆದು ಕರೆದು ತರುಬಿಸಿಕೊಳ್ಳುತ್ತಿದ್ದರು. ಆಮೇಲೆ ಕಾಲುವೆಯ ನೀರು ಹೋದಲ್ಲೆಲ್ಲ ಕಬ್ಬು ಬಂತು. ಕಬ್ಬಿನ ಹೊಲ ಖಾಲಿ ಇರುವುದೇ ಇಲ್ಲ. ಹಿಂಡು ನಿಲ್ಲುವುದೆಲ್ಲಿ, ಮೇಯುವುದೆಲ್ಲಿ. ಅಣ್ಣತಮ್ಮಂದಿರು ಬೇರೆಯಾದಾಗ ಮಾಳುವಿನ ಪಾಲಿಗೆ ಹದಿನೆಂಟು ಕುರಿ ಬಂದವು. ಎರಡು ವರ್ಷ ರಸ್ತೆಯ ಬದಿಯಲ್ಲೇ ಮೇಯಿಸಿ ಕೊನೆಗೆ ಮಾರಿದ.

"ಕುರಿ ಮಾರಿ ಮನಿಗೆ ಬಂದ್ನೆಲ್ರಿ ಅಕ್ಕಾರ, ನಡೀಲಾಕ ಬರವಲ್ದಾತು. ಮುಂದ ಹಿಂಡ ಇಲ್ಲಂದ್ರ ಎಷ್ಟ ಜೋರ ನಡೀಬೇಕು, ಎಷ್ಟ ಸಾವಕಾಶ ನಡೀಬೇಕು, ಗೊತ್ತಾಗಂಗಿಲ್ಲ."

ಆಗಲೇ ಹುಕ್ಕೇರಿಯ ಆರೀಫ ರಜೆಯ ಮೇಲೆ ಊರಿಗೆ ಬಂದಿದ್ದ. ಒಮಾನಿನಲ್ಲಿ ಲಾರಿ ಓಡಿಸುವವನು. ಅಲ್ಲೊಬ್ಬರಿಗೆ ಆಡು ನೋಡಿಕೊಳ್ಳುವ ಮನುಷ್ಯ ಬೇಕಾಗಿದ್ದಾನೆ ಎಂದ. ಮಾಳುವಿನ ಹೆಂಡತಿ ಅಲ್ಲವ್ವ, "ಹೋಗಿ ಬರ್ರಿ, ಇಲ್ಲಿದ್ರೂ ನೀವು ಗ್ವಾಡಿ ನೋಡ್ಕೋತ ಕುಂದ್ರಾವ್ರ" ಎಂದಳಂತೆ. ಮಗಳು ಕಾಜಲ್ ಆಗ ಹೈಸ್ಕೂಲಿನಲ್ಲಿದ್ದಳು. ಮಾಳು ಬ್ಯಾಗಿನ ಜೊತೆಗೆ ಕಂಬಳಿಯನ್ನೂ ಸುತ್ತಿಕೊಂಡು ಹೊರಟ. ಆರೀಫ ಹಣೆ ಹಣೆ ಬಡಿದುಕೊಂಡ. "ಕಾಕಾ, ಅಲ್ಲಿ ಕಲ್ಲಿನ ಮ್ಯಾಲೆ ರೊಟ್ಟಿ ಸುಡೂವಷ್ಟ ಬಿಸಲೈತಿ. ಕಂಬಳಿ ಯಾರಿಗಿ ಹೊಚ್ಚಾವ?" ವಿಮಾನ ನಿಲ್ದಾಣದಲ್ಲಿ ಅದನ್ನು ಬಿಚ್ಚಿ, ಝಾಡಿಸಿ, ಮೂಸಿ ನೋಡಿ ಬಿಟ್ಟರಂತೆ.

ಅವನು ಸೇರಿದ ಮನೆ ಮಸ್ಕತ್ತಿನಿಂದ ಎರಡೂವರೆ ತಾಸಿನ ದೂರದಲ್ಲಿ, ಒಣ ಗುಡ್ಡಗಳ ನಡುವೆ. ಹಳೆಯ ಊರು ಕೆಳಗೆ, ಖರ್ಜೂರದ ತೋಪಿನಲ್ಲಿ. ಅಲ್ಲಿಯ ಮಣ್ಣಿನ ಮನೆಗಳನ್ನೆಲ್ಲ ಜನ ಬಿಟ್ಟು ಬಂದಿದ್ದರು. ಹೊಸ ಮನೆಗಳು ಮೇಲಿನ ಬಯಲಿನಲ್ಲಿ, ಒಂದಕ್ಕೊಂದು ದೂರ ದೂರ. ಯಜಮಾನನ ಹೆಸರು ಖಮೀಸ್. ಅವನಿಗೆ ಮಸ್ಕತ್ತಿನಲ್ಲಿ ಕೆಲಸ. ಗುರುವಾರ ಸಂಜೆ ಬಂದು ಶನಿವಾರ ಹೋಗುತ್ತಿದ್ದ. ಮನೆಯಲ್ಲಿ ಇರುವವನು ಅವನ ತಂದೆ ಸಾಲಿಂ, ಎಂಬತ್ತರ ಮುದುಕ. ಅಂಗಳದ ಮೂಲೆಯ ಕೋಣೆಯಲ್ಲಿ ಮಾಳು. ಹಿಂದೆ ಮೂವತ್ತೆರಡು ಆಡು.

ಮುದುಕನಿಗೆ ಮರೆವು ಹತ್ತಿತ್ತು. ಈಗಿನದು ಯಾವುದೂ ನೆನಪಿಲ್ಲ, ಹಳೆಯದೆಲ್ಲ ಇತ್ತು. ವಯಸ್ಸಿನಲ್ಲಿ ಅವನೂ ಆಡು ಕಾಯ್ದವನೇ. ದಿನಾ ಸಂಜೆ ನಾಲ್ಕೂವರೆ ಆಯಿತೆಂದರೆ ಎದ್ದು, ಕೆಳಗಿನ ಹಳೆಯ ಊರಿಗೆ, ತನ್ನ ಮಣ್ಣಿನ ಮನೆಗೆ ಹೊರಡುತ್ತಿದ್ದ. ಅಲ್ಲಿ ಆಡು ಕಟ್ಟುವ ಹೊತ್ತಾಯಿತು ಎಂದು. ಮಾಳು ಹಿಂದೆ ಹಿಂದೆ ಹೋಗುವನು. ಇಪ್ಪತ್ತು ನಿಮಿಷದ ದಾರಿ. ತೋಪಿನ ಪಕ್ಕ ಕಲ್ಲಿನ ಸಣ್ಣ ಕಾಲುವೆಯಲ್ಲಿ ನೀರು ಹರಿಯುತ್ತಿತ್ತು. ಬಿದ್ದ ಗೋಡೆಯ ಎದುರು ಮುದುಕ ಸ್ವಲ್ಪ ಹೊತ್ತು ನಿಂತು, ಏನೋ ಹೇಳಿ, ತಿರುಗಿ ಬರುವನು.

"ಅವರ ಮಾತ ನನಗ ಬರ್ತಿದ್ದಿಲ್ಲ, ನನ್ನ ಮಾತ ಅವಗ ಬರ್ತಿದ್ದಿಲ್ಲ. ನಾ ನಮ್ಮಜ್ಜಗ ಕರದಂಗ ಮುತ್ಯಾ ಅಂತ ಕರೀತಿದ್ದೆ, ಓಗೊಡ್ತಿದ್ದ. ಆಡ ಕರ್ಯಾಕ ಅಂವಾ ಒಂದ ಥರಾ ನಾಲಿಗಿ ಬಡೀತಿದ್ದ, ನಾ ಒಂದ ಥರಾ. ಒಬ್ರದು ಒಬ್ರು ಕಲ್ತಿವಿ. ಅಷ್ಟ ನಮ್ಮ ಮಾತು." ಮಾಳು ಹಾರೆ ಊರಿಕೊಂಡು ನಿಂತು, "ಎರಡ ವರ್ಷ ಹಂಗ ಹೋತ್ರಿ" ಎಂದ.

ಒಂದು ದಿನ ಮಾಳು ಬಾವಿಯ ಹತ್ತಿರ ಆಡಿಗೆ ನೀರು ಎತ್ತುತ್ತಿದ್ದಾಗ, ನಡುಮಧ್ಯಾಹ್ನ, ಮುದುಕ ಒಬ್ಬನೇ ಹೊರಟುಬಿಟ್ಟ. ದೊಡ್ಡ ರಸ್ತೆಯ ಬದಿಯಲ್ಲಿ ಯಾರೋ ಹಿಡಿದು ತಂದರು. ಆ ವಾರ ಖಮೀಸ್ ಬಂದವನು ಅಂಗಳದಲ್ಲಿ ಕೂತು ಮಾಳುವಿಗೆ ಎಲ್ಲ ಬಿಡಿಸಿ ಹೇಳಿದ. ಹರಕು ಹಿಂದಿಯಲ್ಲಿ ಆಡಿದ ಆ ಮಾತನ್ನು ಮಾಳು ನನಗೆ ನಮ್ಮ ಮಾತಿನಲ್ಲೇ ಹೇಳಿದ:

"ಮಾಲೂ, ಮಸ್ಕತ್ತಿನಾಗ ನಮ್ಮಕ್ಕ ಅದಾಳ. ಮೂರನೇ ಮಜಲಿ ಮ್ಯಾಲೆ ಮನಿ. ಅಪ್ಪನ್ನ ಕಳಿಸಿಬಿಡು ಅಂತ ಮೂರ ವರ್ಷದಿಂದ ಜಗಳ ಮಾಡಾಕತ್ತಾಳ. ಅಲ್ಲಿ ಒಯ್ದ್ರ ಅಂವಾ ನೆಲಾ ತುಳ್ಯಾಂಗಿಲ್ಲ, ಆಡ ನೋಡಂಗಿಲ್ಲ. ಮನಿ ಸುತ್ತಲ ಬೇಲಿ ಹಾಕೂಣು. ಇನ್ನೊಮ್ಮೆ ಒಬ್ಬನ ಹೊರಗ ಹೋದಾ ಅಂದ್ರ ಅಕ್ಕಗ ಹೇಳಾಕ ನನ್ನ ಹಂತೇಕ ಮಾತಿಲ್ಲ."

ಅಂದರೆ ಬೇಲಿ ನಿಂತರೆ ಮುತ್ಯಾ ತನ್ನ ಮನೆಯಲ್ಲೇ ಇರುತ್ತಾನೆ, ಇಲ್ಲವಾದರೆ ಇಲ್ಲ. ಮಾಳುವಿಗೆ ಅದು ಚೆನ್ನಾಗಿ ಅರ್ಥವಾಗಿತ್ತು. "ಬ್ಯಾರೆ ಯಾರಿಗೂ ಹಚ್ಚಬ್ಯಾಡ್ರಿ, ಬೇಲಿ ನಾ ಹಾಕ್ತೇನಿ" ಎಂದ. ಹುಟ್ಟಿದಾಗಿನಿಂದ ಕುರಿಗಳಿಗೆ ಹಟ್ಟಿ ಹಾಕಿಕೊಂಡು ಬಂದವನು.

ಪಟ್ಟಣದ ಅಂಗಡಿಗೆ ಇಬ್ಬರೂ ಹೋದರು. ಅಂಗಡಿಯವನು ಮಲಯಾಳಿ. ಮೊದಲು ಎಂಟು ಅಡಿ ಎತ್ತರದ, ಮೇಲೆ ಮುಳ್ಳುತಂತಿಯಿರುವ ಜಾಳಿಗೆ ತೋರಿಸಿದ. ಮಾಳು ಬೇಡವೆಂದ, ಅದು ಜೈಲಿನಂತಿತ್ತು. ನಾಲ್ಕು ಅಡಿಯದು ತೋರಿಸಿದ. ಅದನ್ನು ಮುದುಕ ಒಂದು ಕಲ್ಲಿನ ಮೇಲೆ ನಿಂತು ದಾಟಬಲ್ಲ. ಐದು ಅಡಿಯದು ಮುತ್ಯಾನ ಗದ್ದದ ಮಟ್ಟಕ್ಕೆ ಬರುತ್ತಿತ್ತು. ನಿಂತರೆ ಗುಡ್ಡವೂ ತೋಪೂ ಕಾಣುತ್ತವೆ. ಅದಾದೀತು ಎಂದ. ಜಾಳಿಗೆಯ ಕಣ್ಣು ಮೂರು ಇಂಚಿನದಾದರೆ ಚಪ್ಪಲಿಯ ತುದಿ ಸಿಗಿಸಿ ಹತ್ತಬಹುದು, ಆಡಿನ ಮೂತಿಯೂ ಸಿಕ್ಕಿಬೀಳುತ್ತದೆ; ಎರಡು ಇಂಚಿನದೇ ಬೇಕು ಎಂದ. ಬೆಳ್ಳಗೆ ಹೊಳೆಯುವ ತಂತಿ ಬಿಸಿಲಿಗೆ ಕಣ್ಣು ಚುಚ್ಚುತ್ತದೆ, ಮುದುಕನ ಕಣ್ಣಿನಲ್ಲಿ ಮೊದಲೇ ನೀರು. ಹಸಿರು ಪ್ಲಾಸ್ಟಿಕ್ ಲೇಪ ಹಾಕಿದ್ದನ್ನು ಹೊರಗೆ ಎಳೆಸಿದ. ಜಾಳಿಗೆಯ ಒಂದು ಅಂಚಿನಲ್ಲಿ ತಂತಿಯ ತುದಿಗಳು ಮುಳ್ಳಿನಂತೆ ಎದ್ದಿರುತ್ತವೆ, ಇನ್ನೊಂದು ಅಂಚಿನಲ್ಲಿ ಮಡಿಚಿರುತ್ತವೆ. ಮಡಿಚಿದ್ದನ್ನು ಮೇಲೆ ಮಾಡಬೇಕು, ಕೈ ಇಟ್ಟರೆ ಹರಿಯಬಾರದು ಎಂದ.

ಅಂಗಡಿಯವನಿಗೆ ಸೋಜಿಗವಾಗಿ, "ಇಷ್ಟೆಲ್ಲ ನೋಡಿ ತಗೊಳ್ಳಾಕತ್ತಿಯಲ್ಲ, ಒಳಗ ಏನ ಸಾಕೀರಿ?" ಎಂದನಂತೆ.

"ನಮ್ಮ ಮುತ್ಯಾನ್ನ" ಎಂದ ಮಾಳು. ಅವನು ನಗಲು ಬಾಯಿ ತೆರೆದವನು ಖಮೀಸನ ಮುಖ ನೋಡಿ ಮುಚ್ಚಿಕೊಂಡ.

ಅಲ್ಲಿಯ ನೆಲ ಬರೀ ಕಲ್ಲು. ಒಂದೊಂದು ಗುಂಡಿಗೆ ಅರ್ಧ ದಿನ ಹಿಡಿಯಿತು. ಮಾಳು ಅಳತೆಯ ಪಟ್ಟಿ ಮುಟ್ಟಲಿಲ್ಲ. ಎರಡೂ ಕೈ ಚಾಚಿ ಮಾರು ಹಾಕುತ್ತ ಮನೆಯನ್ನು ಸುತ್ತಿದ, ಕಂಬ ಎಣಿಸಿದ, ಸಾಮಾನು ಬರೆಸಿದ. ಕಂಬ, ಜಾಳಿಗೆ, ಸಿಮೆಂಟು, ಕಟ್ಟುವ ತಂತಿ. ಮುದುಕ ನೆರಳಿನಲ್ಲಿ ಕೂತು ನೋಡುತ್ತ, ಆಗಾಗ ಎದ್ದು ಬಂದು ಕಂಬಕ್ಕೆ ಭುಜ ಕೊಟ್ಟು ಅದು ಅಲುಗುತ್ತದೋ ಎಂದು ಪರೀಕ್ಷೆ ಮಾಡುವನು. ಅಲುಗಿದರೆ ಮಾಳುವಿಗೆ ಬೈಯುವನು. ಮೂರು ವಾರಕ್ಕೆ ಬೇಲಿ ಎದ್ದಿತು. ಮಾಳು ಎಳೆದು ಕಟ್ಟಿದ ಜಾಳಿಗೆ ಬೆರಳಿನಿಂದ ಮೀಟಿದರೆ ಗುಂಯ್ ಎನ್ನುತ್ತಿತ್ತು.

ಗುರುವಾರ ಖಮೀಸ್ ಬಂದ. ಸುತ್ತ ಒಂದು ಸಲ ನಡೆದ. ಬೆನ್ನು ತಟ್ಟಿದ. ಆಮೇಲೆ ಮೂಡಣ ದಿಕ್ಕಿಗೆ ಬಂದು ನಿಂತ.

"ಮಾಲೂ, ಗೇಟ್ ಎಲ್ಲಿ?"

"ಇಲ್ಲೇ ಐತಲ್ರಿ" ಎಂದು ಮಾಳು ಒಂದು ಮಾರಿನ ಕಂಡಿ ತೋರಿಸಿದ.

"ಇದು ದಾರಿ. ಇದನ್ನ ಮುಚ್ಚೋದ್ಯಾವದು?"

"ನಾನು."

"ಏನು?"

"ನಾ ಅಡ್ಡ ಮಲಗ್ತೇನಲ್ರಿ. ಕಾಲ ಚಾಚಿದ್ರ ಬರಾಬರಿ ತುಂಬ್ತೈತಿ, ನೋಡೇನಿ."

ಖಮೀಸ್ ಎರಡೂ ಕೈ ತಲೆಯ ಮೇಲೆ ಹೊತ್ತುಕೊಂಡು ನಕ್ಕ. "ನನ್ನ ಗಾಡಿ ಎಲ್ಲಿಂದ ಒಳಗ ಬರಬೇಕು? ನಿನ್ನ ಹೊಟ್ಟಿ ಮ್ಯಾಲಿಂದ?"

ಇದನ್ನು ಹೇಳುವಾಗ ಮಾಳು ತಾನೂ ಸ್ವಲ್ಪ ನಕ್ಕ. "ನಮ್ಮ ಹಟ್ಟಿಗೆ ಎಂದೂ ಬಾಗಲಾ ಇದ್ದಿಲ್ರಿ ಅಕ್ಕಾರ. ಸುತ್ತಲ ಹಗ್ಗದ ಬಲಿ ಕಟ್ಟೂದು, ಮೂಡಲಕ ಒಂದಾಳ ಮಲಗೂವಷ್ಟ ಕಂಡಿ ಬಿಡೂದು, ಅಲ್ಲಿ ಕುರುಬ ಕಂಬಳಿ ಹಾಸಿ ಮಲಗೂದು. ನಮ್ಮಪ್ಪ ಹಂಗ ಮಾಡ್ತಿದ್ದ, ಅವರಪ್ಪನೂ ಹಂಗ. ಗೇಟ್ ಬರಸಬೇಕು ಅಂತ ನನ್ನ ತಲ್ಯಾಗ ಬರ್ಲೇ ಇಲ್ಲ."

ಗೇಟು ಮಾಡಿಸಲು ಹೇಳಿದರು. ಅದು ರಂಜಾನ್ ತಿಂಗಳ ಕೊನೆ. ಹಬ್ಬ ಕಳೆದ ಮೇಲೆಯೇ ಕೊಡುವುದು ಎಂದ ವೆಲ್ಡಿಂಗಿನವನು. ಖಮೀಸ್ ಮಸ್ಕತ್ತಿಗೆ ಹೋಗುವಾಗ, "ಅಲ್ಲೀತನಕ ನೀನ ಗೇಟು" ಎಂದು ಹೇಳಿ ಹೋದ. ನಗೆಚಾಟಿಕೆಗೆ ಹೇಳಿದ್ದು, ಖರೆಯೂ ಹೌದು.

ಮಾಳು ಕಂಡಿಯಲ್ಲಿ ಕಂಬಳಿ ಹಾಸಿದ. ರಾತ್ರಿ ಅಲ್ಲೇ ಮಲಗಿದ, ಹಗಲು ಅಲ್ಲೇ ಕೂತ, ರೊಟ್ಟಿಯನ್ನೂ ಅಲ್ಲೇ ತಿಂದ. ಆಡಿಗೆ ನೀರು ಕುಡಿಸಲು ಎದ್ದು ಹೋಗಬೇಕಾದಾಗ ಕಂಬಳಿಯನ್ನು ಅಡ್ಡ ಬಿಟ್ಟು ಹೋಗುವನು. ಹಿಂಡಿನ ಕುರಿ ತನ್ನ ಕುರುಬನ ಕಂಬಳಿಯನ್ನು ದಾಟುವುದಿಲ್ಲ. ಮಾಲಕನ ವಾಸನೆ ಇರುವ ಕಡೆ ನಿಂತುಬಿಡುತ್ತದೆ. ಸಣ್ಣಂದಿನಿಂದ ಅವನು ಕಂಡದ್ದು ಅದು. ಮುದುಕನೂ ಕಂಬಳಿಯ ತನಕ ಬಂದು, ನಿಂತು, ನೋಡಿ, ತಿರುಗಿ ಹೋಗುತ್ತಿದ್ದ. ಒಂದು ದಿನವಲ್ಲ, ಒಂಬತ್ತು ದಿನ ಹಾಗೇ ಆಯಿತು. ನಾಲ್ಕೂವರೆಗೆ ಮಾತ್ರ ಮಾಳು ಕಂಬಳಿ ತೆಗೆದು ಹೆಗಲಿಗೆ ಹಾಕಿ, "ನಡಿ ಮುತ್ಯಾ" ಎನ್ನುವನು. ಇಬ್ಬರೂ ತೋಪಿನ ದಾರಿ ಹಿಡಿಯುವರು.

ಹತ್ತನೆಯ ದಿನ ಸಂಜೆ ನಾಲ್ಕು ಇಪ್ಪತ್ತೈದಕ್ಕೆ ಫೋನು ಬಂತು. ಕಾಜಲ್. ಪಿಯುಸಿ ಎರಡನೆಯ ವರ್ಷದ ಫಲಿತಾಂಶ ಬರುವ ದಿನ ಅದು ಎಂದು ಮಾಳುವಿಗೆ ಗೊತ್ತಿತ್ತು. ಬೆಳಗಿನಿಂದ ಕಾಯ್ದಿದ್ದ. "ಅಪ್ಪಾ..." ಎಂಬುದಷ್ಟೇ ಕೇಳಿ ಸಿಗ್ನಲ್ ಹೋಯಿತು. ಮನೆಯ ಹಿಂದೆ ನೀರಿನ ಟಾಕಿಯ ದಿಬ್ಬದ ಮೇಲೆ ಹೋದರೆ ಸಿಗುತ್ತಿತ್ತು. ಮುದುಕ ಆಗಲೇ ಎದ್ದು ಬಾಗಿಲಿಗೆ ಬಂದಿದ್ದ. "ತಡಿ ಮುತ್ಯಾ, ಬಂದೆ" ಎಂದ ಮಾಳು. ಕಂಬಳಿಯನ್ನು ಕಂಡಿಯಲ್ಲಿ ಅಗಲವಾಗಿ ಹಾಸಿ, ದಿಬ್ಬಕ್ಕೆ ಓಡಿದ.

"ಪಾಸಾಗ್ಯಾಳ್ರಿ. ನಮ್ಮ ಮನಿತನದಾಗ ಅಷ್ಟ ಓದಿದಾಕಿ ಅಕೀನ ಮೊದಲು. ಅಪ್ಪಾ ಎಷ್ಟ ಮಾರ್ಕ್ಸ ಹೇಳ ನೋಡೂಣು ಅಂದ್ಲು. ನಾ ಒಂದ ಹೇಳೂದು, ಅಕಿ ಅಲ್ಲ ಅನ್ನೂದು, ಮತ್ತೊಂದ ಹೇಳೂದು. ನಗಾಕತ್ತಿದ್ವಿ. ಏಳ ನಿಮಿಷ ಮಾತಾಡೇನಿ. ಆಮ್ಯಾಲೆ ಫೋನಿನಾಗ ನೋಡೇನಿ, ಬರೇ ಏಳ ನಿಮಿಷ."

ಇಳಿದು ಬಂದಾಗ ಕಂಡಿಯಲ್ಲಿ ಕಂಬಳಿ ಇರಲಿಲ್ಲ. ಅದನ್ನು ನಾಲ್ಕು ಮಡಿಕೆ ಮಾಡಿ, ಅಂಚಿಗೆ ಅಂಚು ಕೂಡಿಸಿ, ಕಂಬದ ಬುಡದಲ್ಲಿ ಕಲ್ಲಿನ ಮೇಲೆ ಇಟ್ಟಿತ್ತು. ಮುದುಕ ಅದನ್ನು ತುಳಿದಿರಲಿಲ್ಲ. ಇನ್ನೊಬ್ಬ ಕುರಿಗಾರನ ಕಂಬಳಿಯನ್ನು ಹೇಗೆ ಎತ್ತಿಡಬೇಕೋ ಹಾಗೆ ಎತ್ತಿಟ್ಟು ಹೋಗಿದ್ದ.

ಮಾಳು ತೋಪಿನ ದಾರಿಯಲ್ಲಿ ಓಡಿದ. ಮಣ್ಣಿನ ಮನೆಯ ಮುಂದೆ ಯಾರೂ ಇರಲಿಲ್ಲ. ನಾಲಿಗೆ ಬಡಿದು ಆಡು ಕರೆಯುವ ಹಾಗೆ ಕರೆಯುತ್ತ ಹೋದ. ಒಂದು ತಾಸಿನ ಮೇಲೆ ಒಣಹಳ್ಳದ ಕಲ್ಲುಗಳ ನಡುವಿನಿಂದ ಉತ್ತರ ಬಂತು, ಮುದುಕನ ರೀತಿಯ ಕರೆ. ಹಳ್ಳಕ್ಕೆ ಇಳಿಯುವಾಗ ಜಾರಿ ಬಿದ್ದಿದ್ದ. ತೊಡೆಯ ಮೂಳೆ ಮುರಿದಿತ್ತು. ನೆರೆಯವರ ಗಾಡಿಯಲ್ಲಿ ಆಸ್ಪತ್ರೆಗೆ, ಅಲ್ಲಿಂದ ಮಸ್ಕತ್ತಿಗೆ. ಗಾಡಿಯಲ್ಲಿ ಮಲಗಿಸುವಾಗ ಮುದುಕ ಮಾಳುವಿನ ಕೈ ಹಿಡಿದು, ಕೆಳಗಿನ ತೋಪಿನ ಕಡೆ ತೋರಿಸಿ ಏನೋ ಕೇಳಿದನಂತೆ. ಆಡು ಕಟ್ಟಿದೆಯಾ ಎಂದು ಇರಬೇಕು. ಮಾಳು ಹೂಂ ಎಂದ.

ಮುದುಕ ತಿರುಗಿ ಆ ಮನೆಗೆ ಬರಲಿಲ್ಲ. ಆಸ್ಪತ್ರೆಯಿಂದ ನೇರ ಮಗಳ ಮೂರನೆಯ ಮಹಡಿಗೆ ಹೋದ.

ಗೇಟು ಹಬ್ಬದ ಐದನೆಯ ದಿನಕ್ಕೆ ಬಂತು. ಖಮೀಸ್ ಮತ್ತು ಮಾಳು ಇಬ್ಬರೇ ಎತ್ತಿ ಕೂಡಿಸಿದರು. ಖಮೀಸ್ ಒಂದೂ ಕೆಟ್ಟ ಮಾತಾಡಲಿಲ್ಲ. "ಬೈದಿದ್ರ ಚಲೋ ಇತ್ರಿ" ಎಂದ ಮಾಳು. "ಹಿಡಿ ಅಂದ, ಹಿಡದೆ. ಬಿಡು ಅಂದ, ಬಿಟ್ಟೆ. ಅಷ್ಟ ಮಾತು."

ಕರಾರಿನ ಪ್ರಕಾರ ಇನ್ನೂ ಹನ್ನೊಂದು ತಿಂಗಳು ಇತ್ತು. ಆ ಹನ್ನೊಂದು ತಿಂಗಳು ಮಾಳು ಆ ಮನೆಯಲ್ಲಿ ಒಬ್ಬನೇ ಇದ್ದ. ಬೆಳಿಗ್ಗೆ ಗೇಟು ತೆರೆಯುವುದು, ರಾತ್ರಿ ಹಾಕುವುದು. ಒಳಗೆ ಯಾರೂ ಇಲ್ಲ. ಗಾಳಿಗೆ ಹಾರಿ ಬಂದು ಜಾಳಿಗೆಗೆ ಅಂಟಿದ ಪ್ಲಾಸ್ಟಿಕ್ ಹಾಳೆಗಳನ್ನು ದಿನಾ ಒಂದೊಂದಾಗಿ ಬಿಡಿಸುತ್ತಿದ್ದ. ತಂತಿ ಎಲ್ಲೂ ಸಡಿಲಾಗಿರಲಿಲ್ಲ, ಕಂಬ ಅಲುಗಿರಲಿಲ್ಲ. ಅಂಥ ಒಳ್ಳೆಯ ಬೇಲಿಯನ್ನು ತಾನು ಮತ್ತೆ ಕಟ್ಟಿಲ್ಲ ಎಂದ. ಆಡುಗಳು ಹೊರಗಿನಿಂದ ಮೂತಿ ಒತ್ತಿ ಒಳಗೆ ನೋಡುತ್ತ ನಿಲ್ಲುವವು. ಒಂದೊಂದು ದಿನ ತನ್ನ ಬಾಯಿಂದ ಬರುವ ಮಾತೆಂದರೆ ರಾತ್ರಿ ಹೇಳುವ ಬೀರದೇವರ ಹೆಸರಷ್ಟೇ ಎಂದು ಹೇಳಿದ. ನಾಲ್ಕೂವರೆಗೆ ಮಾತ್ರ ಎದ್ದು ತೋಪಿಗೆ ಹೋಗಿ ಬರುವನು. ಆಮೇಲೆ ಖಮೀಸ್ ಆಡು ಮಾರಿದ. ಮಾಳು ಊರಿಗೆ ಬಂದ.

ಬಂದಮೇಲೆ ಏನಾಯಿತು ಎಂಬುದನ್ನು ಅವನ ಹೆಂಡತಿ ಅಲ್ಲವ್ವನೇ ಹೇಳಿದಳು. ನಮ್ಮ ಮನೆಯ ಕೆಲಸದ ಆರನೆಯ ದಿನ ಕೊಣ್ಣೂರಿನಲ್ಲಿರುವ ತಂಗಿಯ ಮನೆಗೆ ಹೊರಟವಳು, ದಾರಿಯಲ್ಲಿ ಇಳಿದು ಗಂಡನಿಗೆ ಬುತ್ತಿ ಕೊಡಲು ಬಂದಿದ್ದಳು. ಚುರುಕಾದ ಹೆಣ್ಣುಮಗಳು. ಬೇಲಿ ನೋಡಿ, "ನಮ್ಮ ಮನಿಗಿ ಒಂದ ಕಡ್ಡಿ ಹುಗದಿಲ್ರಿ ಇವ್ರು, ಊರಿಗೆಲ್ಲಾ ಬೇಲಿ" ಎಂದಳು. ಅಷ್ಟರಲ್ಲಿ ಮಾಳು ಪಕ್ಕಡ್ ಕೆಳಗಿಟ್ಟು ಚಪ್ಪಲಿ ಮೆಟ್ಟಿದ. "ನಾಲ್ಕೂವರಿ ಆತು, ಹೊಂಟ್ರು ಸಾಹೇಬ್ರು. ಹೇಂತಿ ಬಂದಾಳ, ಒಂದ ಗಳಿಗಿ ಕುಂದ್ರೂಣು ಅನ್ನೂದಿಲ್ಲ" ಎಂದು ಅವನಿಗೆ ಕೇಳುವಂತೆಯೇ ಅಂದಳು. ಅವನು ತಿರುಗಿ ನೋಡಿ, "ಬರ್ತೇನಿ" ಎಂದಷ್ಟೇ ಹೇಳಿ ಹೋದ.

ಅವನು ಕಾಣದಂತಾದ ಮೇಲೆ ಅವಳ ದನಿ ಇಳಿಯಿತು. "ಬಂದಾರ್ರಿ ಅಕ್ಕಾರ, ಬಂದಂಗ ಆಗಿಲ್ಲ. ಮೂರ ವರ್ಷ ನಾವಿಬ್ರ ತಾಯಿ ಮಗಳು ಇದ್ದಿವಿ. ಎಲ್ಲಾ ಕೆಲಸಕ್ಕೂ ನಮ್ಮದೊಂದ ರೂಢಿ ಆಗಿತ್ತು. ಇವ್ರು ಬಂದ್ರು, ಎಲ್ಲಿ ಕುಂದ್ರಬೇಕಂತ ಕೇಳಿ ಕುಂದ್ರತಾರ. ತಮ್ಮ ಮನ್ಯಾಗ! ಕಾಜಲ್ ಕಾಲೇಜಿನಿಂದ ಫೋನ್ ಹಚ್ಚಿದ್ರ ಎತ್ತೂದಿಲ್ಲ, ಆಮ್ಯಾಲೆ ತಾವ ಹಚ್ಚತಾರ. ಅಕಿಗಿ ಬ್ಯಾಸರ. ಅಪ್ಪಗ ನಾ ಬ್ಯಾಡಾಗೇನಿ ಅಂತಾಳ. ಯಾಕ ಹಿಂಗ ಮಾಡ್ತಾರ, ನಿಮಗೇನರ ಹೇಳ್ಯಾರೇನ್ರಿ?"

ನನಗೆ ಗೊತ್ತಿತ್ತು. ಅದನ್ನು ಹೇಳಬೇಕಾದವನು ಅವನು. "ಅವರ ಹೇಳ್ತಾರ ತಂಗಿ, ಇನ್ನೊಂದಿಷ್ಟ ದಿನ ತಡಿ" ಎಂದು, ಒಂದು ಹಿಡಿ ಮೆಂತ್ಯ ಕಿತ್ತು ಅವಳ ಚೀಲಕ್ಕೆ ಹಾಕಿದೆ. ಒಳಗೆ ದೇವರ ಮುಂದೆ ದೀಪ ಹಚ್ಚುವಾಗ ಅವತ್ತು ಮೂರು ಹೆಸರು ಹೆಚ್ಚು ಹೇಳಿದೆ, ಅವಳದು, ಮಗಳದು, ಮತ್ತು ಆ ನಾಡಿನ ಮುದುಕನದು.

ಎಂಟನೆಯ ದಿನ ಮುಂಜಾನೆ ಹನ್ನೊಂದರ ಹೊತ್ತಿಗೆ ಕೆಲಸ ಮುಗಿಯಲು ಬಂದಿತ್ತು. ಗೇಟಿನ ಕೀಲಿಗೆ ಗ್ರೀಸ್ ಹಚ್ಚುತ್ತಿದ್ದ. ಕಟ್ಟೆಯ ಮೇಲಿದ್ದ ಅವನ ಫೋನು ಬಡಿಯಿತು. ಕೈಗೆ ಗ್ರೀಸ್ ಮೆತ್ತಿತ್ತು. ಕಿರುಬೆರಳಿನಿಂದ ಒತ್ತಿ, ದನಿ ಹೊರಗೆ ಕೇಳುವಂತೆ ಇಟ್ಟ. ಒಮಾನಿನಿಂದ ಖಮೀಸ್. ಇಬ್ಬರದೂ ಹರಕು ಹಿಂದಿ, ನನಗೂ ತಿಳಿಯುವಂಥದು.

"ಮಾಲೂ, ಹ್ಯಾಂಗದಿ? ಮತ್ತ ಆಡ ಸಾಕಿದಿಯೇನು?"

"ಇಲ್ಲ ಭಾಯ್. ಜಾಳಿಗಿ ಹಾಕಾಕತ್ತೇನಿ, ಒಬ್ಬ ಅಕ್ಕಾರ ಮನಿಗೆ."

"ಗೇಟ್ ಐತಿಲ್ಲೋ?"

"ಐತಿ. ಮೊದಲ ಅದನ್ನ ತರಸೇನಿ."

ಇಬ್ಬರೂ ನಕ್ಕರು, ಬೇಗ ನಿಲ್ಲಿಸಿದರು. ಆಮೇಲೆ ಖಮೀಸ್ ಹೇಳಿದ: "ಅಪ್ಪ ಆರಾಮ ಅದಾನ. ಕಾಲ ಕೂಡೇತಿ, ಕೋಲ ಹಿಡದು ಮನಿಯೊಳಗ ಅಡ್ಡಾಡತಾನ. ಮೊದಲ ಮೊದಲ ಸಂಜಿಮುಂದ ಬಾಗಲಾ ಬಡೀತಿದ್ದ, ಈಗ ಅದನ್ನೂ ಬಿಟ್ಟಾನ. ಕಿಡಕಿ ಮುಂದ ಕುಂದ್ರತಾನ. ನಾ ಈಗ ಅಕ್ಕನ ಮನ್ಯಾಗ ಅದೇನಿ ಮಾಲೂ, ಅಪ್ಪ ನನ್ನ ಎದುರಿಗೇ ಕುಂತಾನ. ಎಷ್ಟ ದಿನ ಆತು ನೀ ಅವನ್ನ ನೋಡಿ. ತಡಿ, ವಿಡಿಯೋ ಹಚ್ಚತೇನಿ. ನಿನಗೂ ಸಮಾಧಾನ ಆಕ್ಕೈತಿ."

ಅತ್ತಲಿಂದ ಯಾರೋ ಕೆಮ್ಮಿದ್ದು ಕೇಳಿಸಿತು. ಮುದುಕರ ಕೆಮ್ಮು. ಮಾಳು ಫೋನಿನ ಹತ್ತಿರ ಬಗ್ಗಿದವನು ಹಾಗೇ ನಿಂತ. ಬಾಯಿ ತೆರೆಯಿತು, ನಾಲಿಗೆ ಆಡು ಕರೆಯುವ ಹಾಗೆ ಮೇಲಕ್ಕೆ ಹೋಗಿ, ಸದ್ದು ಮಾಡದೆ ಇಳಿಯಿತು. ದನಿ ಇಳಿಸಿ, ಅತ್ತ ಕೂತವನಿಗೆ ಕೇಳಿಸಬಾರದು ಅನ್ನುವ ಹಾಗೆ ಹೇಳಿದ.

"ಬ್ಯಾಡ ಖಮೀಸ್ ಭಾಯ್."

"ಯಾಕೋ? ಒಂದ ನಿಮಿಷ. ಮಾರಿ ನೋಡ ಬರೇ."

"ಆರಾಮ ಕುಂತಾನ ಅಂತೀಯಲ್ಲ, ಕುಂದರಲಿ. ನನ್ನ ಮಾರಿ ಕಂಡ್ರ ಮುತ್ಯಾ ಎದ್ದ ನಿಂದರತಾನ. ಅಂವಾ ಎದ್ದ ಹೊಂಟ್ರ, ಹಿಂದ ಹೋಗಾಕ ನಾ ಅಲ್ಲಿಲ್ಲ."